ಫೋಟೊದಲ್ಲಿಲ್ಲದ ವೀರಮ್ಮ

ದುರ್ಗಿಗುಡಿಯ ಜವಳಿ ವ್ಯಾಪಾರಿ ಷಡಕ್ಷರಪ್ಪ ೧೯೫೮ರಲ್ಲಿ ಹೊಸ ಕ್ಯಾಮೆರಾ ಕೊಂಡು, ಹೆಂಡತಿ ಜಗದಾಂಬಾಳೊಂದಿಗೆ ಉತ್ತರದ ಯಾತ್ರೆಗೆ ಹೊರಟ. ಅಡುಗೆಗೆಂದು ವಿಧವೆ ತಂಗಿ ವೀರಮ್ಮನನ್ನೂ ಕರೆದುಕೊಂಡ. ಗಂಡ ಸತ್ತು ಅಣ್ಣನ ಮನೆ ಸೇರಿದ ಮೇಲೆ ತುಂಗೆಯ ಸೇತುವೆಯನ್ನೂ ದಾಟದಿದ್ದ ವೀರಮ್ಮನಿಗೆ ರೈಲು ಹತ್ತುವಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆಗ್ರಾದಲ್ಲಿ ಅವಳು ಧರ್ಮಶಾಲೆಯ ಮೂಲೆಯಲ್ಲಿ ಟ್ರಂಕು ಕಾದಳು. ದೆಹಲಿಯಲ್ಲೂ ಅದೇ. "ಕೋಟೆ ಗೋಡೆ ನೋಡಿ ನೀನೇನ್ ಮಾಡ್ತೀಯ ಮಾರಾಯ್ತಿ, ರೊಟ್ಟಿ ತಟ್ಟು" ಎಂದ ಅಣ್ಣ. ಕಾಶಿಯಲ್ಲಿ ಮಾತ್ರ ಗಂಗೆ ಸಿಕ್ಕಿತು. ಮುಳುಗೆದ್ದು, ಒದ್ದೆ ಸೀರೆಯಲ್ಲೇ ಕೈಮುಗಿದು ನಿಂತಿದ್ದಾಗ ಹಿಂದಿನಿಂದ ಕೂಗು ಬಂತು.

"ಏ ವೀರಿ, ಫೋಟೊಕ್ಕೆ ಅಡ್ಡ ಬರ್ತಿದೀಯ, ಆ ಕಡೆ ಹೋಗು!"

ಹೋದಳು. ಇನ್ನೂ ಆಚೆ ಎಂದ. ದೋಣಿಯೊಂದರ ಮರೆಗೆ ಹೋಗಿ ನಿಂತಳು.

ಊರಿಗೆ ಬಂದ ಮೇಲೆ ಫೋಟೊಗಳನ್ನು ಆಲ್ಬಮ್ಮಿಗೆ ಅಂಟಿಸಿ ನೆಂಟರನ್ನೆಲ್ಲ ಕರೆದರು. ಗಂಗೆಯ ಫೋಟೊದ ಅಂಚಿನಲ್ಲಿ ವೀರಮ್ಮನ ಬೋಳು ಕೈ ಬಿದ್ದಿತ್ತು. ಅಪಶಕುನವೆಂದು ಜಗದಾಂಬಾ ಆ ಅಂಚನ್ನು ಮೊದಲೇ ಕತ್ತರಿಸಿ ಒಲೆಗೆ ಹಾಕಿದ್ದಳು.

"ವೀರಮ್ಮ ಒಂದ್ರಲ್ಲೂ ಕಾಣಲ್ವಲ್ಲ, ಬಂದಿರ್ಲಿಲ್ವಾ?" ಪಕ್ಕದ ಮನೆಯ ದಾಕ್ಷಾಯಣಮ್ಮ ಕೇಳಿದರು.

"ನಾನೂ ಹೋಗಿದ್ದೆ," ಎಂದಳು ಕಾಫಿ ತಂದಿದ್ದ ವೀರಮ್ಮ.

"ಎಲ್ಲಿ, ತೋರ್ಸು ನೋಡೋಣ," ಎಂದು ಷಡಕ್ಷರಪ್ಪ ಆಲ್ಬಮ್ಮನ್ನು ಅವಳ ಮುಖಕ್ಕೆ ಹಿಡಿದ. ನೆಂಟರೆಲ್ಲ ನಕ್ಕರು. ದಾಕ್ಷಾಯಣಮ್ಮನೂ.

ಮರುವಾರ ವೀರಮ್ಮ ಯಾರಿಗೂ ಹೇಳದೆ ಭದ್ರಾವತಿಯ ಬಸ್ಸು ಹತ್ತಿದಳು. ಕಾರ್ಖಾನೆಯವರಿಗೆ ಊಟ ಹಾಕುತ್ತಿದ್ದ ಶಂಕರಮ್ಮನ ಮೆಸ್ಸಿನಲ್ಲಿ ಕೆಲಸ ಸಿಕ್ಕಿತು. ಬೆನ್ನು ಬಾಗುವಷ್ಟು ದುಡಿತ. ಆದರೂ ಇಲ್ಲಿ ಅವಳು ಉಂಡಳೇ ಎಂದು ಕೇಳುವವರಿದ್ದರು.

ಮೂರು ವರ್ಷದ ಮೇಲೆ ಅಣ್ಣ ಮೆಸ್ಸಿಗೆ ಬಂದ, ಕೊರಳಲ್ಲಿ ಕ್ಯಾಮೆರಾ. "ರಾಮೇಶ್ವರಕ್ಕೆ ಹೊರಟಿದೀವಿ. ಅಡುಗೆಗೆ ಜನ ಇಲ್ಲ. ಬಾರೆ, ಈ ಸಲ ನಿಂದೂ ಒಂದು ತೆಗೀತೀನಿ."

"ತೆಗಿಯೋದಾದ್ರೆ ಈಗ್ಲೇ ತೆಗಿ ಅಣ್ಣ."

ಅವನು ಮಸಿ ಹಿಡಿದ ಗೋಡೆ ನೋಡಿದ. "ಇಲ್ಲೇನಿದೆ ತೆಗಿಯಕ್ಕೆ?"

"ನಾನಿದೀನಲ್ಲ."

"ನಿನ್ನ ಮುಖಕ್ಕೆ ರೀಲು ದಂಡ," ಎಂದು ನಕ್ಕ. ವೀರಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು, ಹೊರಗೆ ಬರಲಿಲ್ಲ. ಅವನು ಬೇರೆ ಅಡುಗೆಯವಳನ್ನು ಹುಡುಕಿಕೊಂಡ.

೧೯೬೫ರ ಬೇಸಿಗೆಯಲ್ಲಿ ಕಾಮಾಲೆ ಬಂದು ವೀರಮ್ಮ ತೀರಿಕೊಂಡಳು. ಸುದ್ದಿ ತಿಳಿದು ಷಡಕ್ಷರಪ್ಪ ಬಂದ. ಪದ್ಧತಿಯಂತೆ ಹೆಣವನ್ನು ಕೂರಿಸಿ, ವಿಭೂತಿ ಬಳಿದು, ಹೂವಿನ ಹಾರ ಹಾಕಿದ್ದರು. ಅವನು ತಂಗಿಯ ವಾಲಿದ ತಲೆಯನ್ನು ನೆಟ್ಟಗೆ ಮಾಡಿ, ಕ್ಯಾಮೆರಾವನ್ನು ಯಾರದೋ ಕೈಗೆ ಕೊಟ್ಟು, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಪಕ್ಕದಲ್ಲಿ ನಿಂತ. ಮೆಸ್ಸಿನವರನ್ನೂ ಫೋಟೊಕ್ಕೆ ನಿಲ್ಲಲು ಕರೆದ. ಶಂಕರಮ್ಮ ಮಾತ್ರ ನಿಲ್ಲಲಿಲ್ಲ.