ನಾಲಿಗೆ ಮರಳಿ ಪಡೆದ ದೇವಿರಮ್ಮ

ಶ್ರೀರಾಂಪುರದ ದೇವಿರಮ್ಮನ ಹುಳಿಪುಡಿಗೆ ಬೋರ್ಡಿಲ್ಲ. ಹುರಿಯುವ ಘಮ ಎರಡು ಬೀದಿ ದಾಟುತ್ತದೆ. ಇಷ್ಟು ಅಗ್ಗದ ಜಾಹೀರಾತು ಯಾವ ವ್ಯಾಪಾರಿಗೂ ಸಿಕ್ಕಿಲ್ಲ. ಪುಡಿಯ ಹದವೆಲ್ಲ ಇದ್ದದ್ದು ಆಕೆಯ ನಾಲಿಗೆಯ ಮೇಲೆ. ಚಿಟಿಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ಆಯ್ತು" ಅಂದರೆ ಆಯ್ತು.

ಆ ನಾಲಿಗೆಯೇ ಕೈಕೊಟ್ಟಿತು. ಬಿಳಿ ಪದರ ಕಟ್ಟಿ, ಉರಿ ಹತ್ತಿ, ಬೆಲ್ಲವೂ ಬೂದಿಯೂ ಒಂದೇ ಆಯಿತು. ವ್ಯಾಪಾರ ಕೆಟ್ಟೀತೆಂದು ದೇವಿರಮ್ಮ ಯಾರಲ್ಲೂ ಬಾಯಿ ಬಿಡಲಿಲ್ಲ. ಬದಲಿಗೆ ಪುಡಿಯೇ ಬಾಯಿ ಬಿಟ್ಟಿತು. ಮೆಂತ್ಯ ಸೀದದ್ದು ತಿಳಿಯದೆ ಮದುವೆ ಅಡುಗೆಯ ಲೋಕೇಶನಿಗೆ ಕಳಿಸಿದ್ದಳು. ಅವನು ಚೀಲ ವಾಪಸು ತಂದ.

"ಏನ್ ದೇವಿರಮ್ಮೋರೇ, ಇದು ಹುಳಿಪುಡಿನೋ ಕಷಾಯದ ಪುಡಿನೋ? ಬೀಗರೆಲ್ಲ ಮುಖ ಕಿವುಚ್‌ಬುಟ್ರು. ಧನುರ್ಮಾಸ ಕಳೀಲಿ, ಮೊದಲ್ನೇ ಮದುವೇಲಿ ಇನ್ನೊಂದ್ಸಲ ನೋಡ್ತೀನಿ. ಆಮೇಲೆ ಪ್ಯಾಕೆಟ್ ಪುಡಿನೇ ಗತಿ."

ಪ್ಯಾಕೆಟ್ ಪುಡಿ! ದೇವಿರಮ್ಮ ನಾಲಿಗೆಯ ಕಥೆ ಹೇಳಲೇಬೇಕಾಯಿತು. ಅತ್ತೆಯ ಮುಖ ನೋಡಲಾರದೆ ಸೊಸೆ ಸುಷ್ಮಾ ಆಟೋ ಹತ್ತಿಸಿ ದಂತ ಆಸ್ಪತ್ರೆಗೆ ಕರೆದೊಯ್ದಳು.

"ಬಾಯಲ್ಲಿ ಬೂಷ್ಟು ಬೆಳೆದಿದೆ ಅಮ್ಮ," ಎಂದರು ಡಾಕ್ಟರ್ ಮಂಜುಶ್ರೀ. "ಹಲ್ಲುಸೆಟ್ಟು ರಾತ್ರಿ ತೆಗೆದಿಡ್ತೀರಾ?"

"ಮನೆಯವರ ಮುಂದೆ ಬೊಚ್ಚುಬಾಯಿ ತೋರ್ಸಕ್ಕಾಯ್ತದಾ ಡಾಕ್ಟ್ರಮ್ಮ?"

ಮನೆಯವರಾದ ಮಹದೇವುವಿನ ಬಾಯಲ್ಲೂ ಒಂದೂ ಸ್ವಂತ ಹಲ್ಲಿರಲಿಲ್ಲ ಎಂಬುದು ಬೇರೆ ಮಾತು.

ಆಸ್ಪತ್ರೆಯಲ್ಲಿ ಆಗೊಂದು ಸಂಶೋಧನೆ ನಡೆದಿತ್ತು. ಬಾಯಿ ಮುಕ್ಕಳಿಸಲು ಕೆಲವರಿಗೆ ಮಾಮೂಲಿ ಔಷಧಿ, ಕೆಲವರಿಗೆ ಒಂದು ಗಿಡದ ಎಲೆಯ ಸಾರ. ಎರಡಕ್ಕೂ ಒಂದೇ ಬಣ್ಣ, ಒಂದೇ ಪುದೀನ ವಾಸನೆ. ಯಾರ ಶೀಶೆಯಲ್ಲಿ ಯಾವುದು ಎಂಬುದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಒಳಗೇನಿದೆಯೆಂದು ತಿಳಿಯದೆ ಮಾಲು ಕೊಡುವ ಅಂಗಡಿಯನ್ನು ದೇವಿರಮ್ಮ ಕಂಡಿರಲಿಲ್ಲ. ಆದರೂ ಒಪ್ಪಿದಳು.

ಮುಕ್ಕಳಿಸಿದಳು. ಹಲ್ಲುಸೆಟ್ಟನ್ನು ನೀರಿಗೆ ಹಾಕಿ, ಗಂಡನಿಗೆ ಬೆನ್ನು ಮಾಡಿ ಮಲಗಿದಳು. ಮೊದಮೊದಲು ಪುದೀನವೂ ತಿಳಿಯಲಿಲ್ಲ. ಬರಬರುತ್ತ ಉರಿ ಇಳಿಯಿತು. ಒಂದು ಬೆಳಿಗ್ಗೆ ಬಾಯಿ ತುಂಬ ಔಷಧಿ ಇಟ್ಟುಕೊಂಡೇ ನಿಂತುಬಿಟ್ಟಳು. ಪುದೀನದ ಹಿಂದೆ ಒಗರು. ಆ ಒಗರಿನಲ್ಲಿ, ತವರಿನ ಹಿತ್ತಲಲ್ಲಿ ಮರ ಹತ್ತಿ ಕುಳಿತು ಅಗಿದ ಎಲೆ!

ಆಸ್ಪತ್ರೆಗೆ ಹೋದವಳು ಕುರ್ಚಿಗೆ ಕೂರುವ ಮೊದಲೇ ಹೇಳಿದಳು: "ಇದು ಸೀಬೆ ಎಲೆ ಕಣ್ರೀ ಡಾಕ್ಟ್ರಮ್ಮ. ಪುದೀನ ಹಾಕಿ ಮುಚ್ಚಿಬುಟ್ರೆ ನಂಗೆ ಗೊತ್ತಾಗಲ್ವಾ?"

ಡಾಕ್ಟರ್ ತಲೆ ಮೇಲೆ ಕೈ ಹೊತ್ತರು. "ಅಯ್ಯೋ ಅಮ್ಮ, ನಿಮಗೂ ಗೊತ್ತಾಗಬಾರ್ದಿತ್ತು, ನಂಗೂ ಗೊತ್ತಾಗಬಾರ್ದಿತ್ತು!" ಬೈಯುತ್ತಲೇ ನಾಲಿಗೆ ನೋಡಿದರು, ಬಾಯಿ ಒರೆಸಿ ಪರೀಕ್ಷೆಗೆ ಕಳಿಸಿದರು. ಬೂಷ್ಟಿನ ಸುಳಿವಿಲ್ಲ. "ಆದ್ರೆ ಒಬ್ಬರ ಬಾಯಿ ನಂಬಿ ಸೀಬೆ ಎಲೆ ಔಷಧಿ ಅನ್ನಕ್ಕಾಗಲ್ಲ. ಹಲ್ಲುಸೆಟ್ಟು ತೆಗೆದಿಟ್ಟಿದ್ದೂ ಕೆಲಸ ಮಾಡಿರುತ್ತೆ."

"ಯಾವ್ದಾದ್ರೂ ಮಾಡಿರ್ಲಿ, ನಾಲಿಗೆ ಬಂತಲ್ಲ!"

ದೇವಿರಮ್ಮ ಹೊಸದಾಗಿ ಪುಡಿ ಹುರಿದು ಲೋಕೇಶನಿಗೆ ಕಳಿಸಿದಳು. ಸಂಕ್ರಾಂತಿ ಕಳೆದು ಮೊದಲ ಮದುವೆಯ ಸಂಜೆ ಲೋಕೇಶ ಕ್ಯಾರಿಯರ್ ಹಿಡಿದು ಬಾಗಿಲಿಗೆ ಬಂದ.

"ಯಾಕಪ್ಪ, ಪ್ಯಾಕೆಟ್ ಸಿಗಲಿಲ್ವಾ?" ದೇವಿರಮ್ಮ ಕುಟುಕಿದಳು.

"ಸುಮ್ನಿರಿ ದೇವಿರಮ್ಮೋರೇ. ಎರಡನೇ ಪಂಕ್ತಿಗೇ ಹುಳಿ ತಳ ಕಾಣ್ತು. ನಿಮಗೇಂತ ಇಷ್ಟು ಎತ್ತಿಟ್ಟೆ. ಈ ಸೀಜನ್ ಪೂರ್ತಿ ಪುಡಿ ನಿಮ್ದೇ."

ದೇವಿರಮ್ಮ ಬೆರಳದ್ದಿ ನೆಕ್ಕಿದಳು. ಕಣ್ಣು ಮುಚ್ಚಿದಳು.

"ಉಪ್ಪು ಚೂರು ಮುಂದಾಗಿದೆ. ಅದು ನನ್ ಪುಡಿ ಅಲ್ಲ ಕಣಪ್ಪ, ನಿನ್ ಕೈ."