ಡಾಕ್ಟರಬಾಯಿಯ ನಾಲ್ಕನೆಯ ಮಾತು

ಡಾಕ್ಟರಬಾಯಿ ಹಿಂದಿಯಲ್ಲಿ ಹೇಳಿದ ನಾಲ್ಕು ಮಾತುಗಳಲ್ಲಿ ಮೂರನ್ನು ಮಾತ್ರ ನಾನು ತಂಗಿಗೆ ಕನ್ನಡದಲ್ಲಿ ಹೇಳಿದೆ. ನಾಲ್ಕನೆಯದನ್ನು ನುಂಗಿಕೊಂಡೆ. ಇಷ್ಟು ವರ್ಷ ಅದು ಗಂಟಲಲ್ಲೇ ಇತ್ತು. ಮೊನ್ನೆ ಒಂದು ಹಿತ್ತಾಳೆ ಕೊಡದಿಂದಾಗಿ ಹೊರಗೆ ಬಂತು.

ಆ ಕೊಡವನ್ನು ನೋಡಿದರೆ ನೀವು ನಗುತ್ತೀರಿ. ನಮ್ಮ ಮುಲುಂಡ್ ಮನೆಯ ಬಾಗಿಲ ಬಳಿ ಈಗ ಅದರಲ್ಲಿ ಛತ್ರಿಗಳು ನಿಂತಿರುತ್ತವೆ. ಸೊಸೆ ಅದಕ್ಕೆ ಹುಣಸೆಹಣ್ಣು ಹಚ್ಚಿ ಬೆಳಗಿ, ಬಂದವರಿಗೆಲ್ಲ ಹಳೆಯ ಕಾಲದ್ದೆಂದು ತೋರಿಸುತ್ತಾಳೆ. ಮೊನ್ನೆ ಬಿಲ್ಡಿಂಗಿನ ನೀರಿನ ಟಾಕಿ ತೊಳೆಯುವುದಿತ್ತು, ನೀರು ತುಂಬಿಟ್ಟುಕೊಳ್ಳಿ ಎಂದು ವಾಚ್‌ಮನ್ ಹೇಳಿ ಹೋದ. ಬಕೆಟ್ಟುಗಳು ಸಾಲದೆ ಛತ್ರಿ ತೆಗೆದು ಕೊಡಕ್ಕೂ ನೀರು ಹಿಡಿದೆವು. ನನ್ನ ಮೊಮ್ಮಗಳ ಮಗುವಿಗೆ ಹೆಸರಿಡುವುದಕ್ಕೆಂದು ಊರಿನಿಂದ ಬಂದಿದ್ದ ತಂಗಿ ನೀಲವ್ವ, ತುಂಬಿದ ಕೊಡವನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದಳು.

ಈ ಬಿಲ್ಡಿಂಗ್ ಏಳುವ ಮೊದಲು ಇಲ್ಲಿ ಚಾಳಿತ್ತು. ಉದ್ದನೆಯ ಪಡಸಾಲೆ, ಅದರ ಕೊನೆಗೆ ಎಲ್ಲ ಮನೆಗಳಿಗೂ ಒಂದೇ ನಳ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ನನಗೆ ಹಿಂದಿ ಕಲಿಸಿದ್ದು ಆ ನಳ. ಸಾಲಿನಲ್ಲಿ ನಿಂತು ಜಗಳವಾಡುತ್ತ ಕಲಿತದ್ದರಿಂದ, ಇವತ್ತಿಗೂ ನಾನು ಹಿಂದಿಯಲ್ಲಿ ಪ್ರೀತಿಯಿಂದ ಮಾತಾಡಿದರೂ ಕೇಳುವವರು ಬೆಚ್ಚುತ್ತಾರೆ. ನಮ್ಮ ಮನೆಯವರು ಕಾಂದಿವಲಿ ಕಡೆ ಕಟ್ಟಡದ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬರುತ್ತಿದ್ದರು.

ಒಂದು ವರ್ಷ ಪಂಚಮಿಗೆ ತವರಿಗೆ ಹೋದಾಗ ನೀಲವ್ವ ನನ್ನನ್ನು ಹಿತ್ತಲಿಗೆ ಕರೆದು, ಮತ್ತೆ ನಿಂತಿದೆ ಎಂದಳು. ಆಗಲೇ ಮೂರು ಹೆಣ್ಣುಮಕ್ಕಳು. ಮೂರನೆಯ ಹೆರಿಗೆಯಲ್ಲಿ ಅವಳು ಉಳಿದದ್ದೇ ಹೆಚ್ಚು, ಇನ್ನೊಂದು ಬೇಡವೆಂದು ಊರ ಡಾಕ್ಟರರೇ ಹೇಳಿದ್ದರು. ಆದರೆ ತೆಗೆಯಿರಿ ಎಂದರೆ, ಗಂಡನನ್ನು ಕರೆದುಕೊಂಡು ಬಾ ಎನ್ನುತ್ತಿದ್ದರು. ಗಂಡ, ಅತ್ತೆ ಇಬ್ಬರಿಗೂ ಈ ಸಲ ಗಂಡೇ ಎಂದು ಖಾತ್ರಿ. ಅಲ್ಲಿನ ನರ್ಸಬಾಯಿ ಅವಳ ಕಿವಿಯಲ್ಲಿ ಹೇಳಿದ್ದಳಂತೆ: ಈಗ ಕಾನೂನು ಬಂದಿದೆ, ನಿನ್ನ ಒಪ್ಪಿಗೆಯೊಂದೇ ಸಾಕು, ನಿಮ್ಮನ್ನು ಗುರುತಿಸುವವರಿಲ್ಲದ ದೊಡ್ಡ ಊರಿಗೆ ಹೋಗು.

ನೆಪ ಹುಡುಕಿದವಳು ನಾನೇ. ಅಕ್ಕನಿಗೆ ಸೊಂಟ ಹಿಡಿದಿದೆ, ಮುಂಬೈಯಲ್ಲಿ ನೀರು ಹೊರುವವರಿಲ್ಲ, ತಂಗಿಯನ್ನು ಹದಿನೈದು ದಿನ ಕಳಿಸಿ ಎಂದು ಮುಂಬೈಗೆ ಮರಳಿದ ಮೇಲೆ ಅವಳ ಗಂಡನ ಮನೆಗೆ ಕಾಗದ ಬರೆದೆ. ಚಾಳಿನಲ್ಲಿ ನಮ್ಮಿಂದ ಎರಡು ಬಾಗಿಲು ಆಚೆಗಿದ್ದ ಶಾಂತವ್ವ ನೀಲವ್ವನ ಗಂಡನ ಊರಿನವಳೇ; ಅವಳ ಕಣ್ಣಿಗೆ ಬಿದ್ದದ್ದು ಊರು ಮುಟ್ಟಲು ತಡವಾಗುತ್ತಿರಲಿಲ್ಲ. ಅವಳನ್ನು ನಂಬಿಸಲು ನಾನು, ನೀಲವ್ವ ಬರುವ ನಾಲ್ಕು ದಿನ ಮೊದಲೇ ಸೊಂಟ ಹಿಡಿದುಕೊಂಡು ಓಡಾಡಲು ಶುರುಮಾಡಿದೆ. ಎಷ್ಟು ಚೆನ್ನಾಗಿ ನರಳಿದೆನೆಂದರೆ ಪಾಪ, ಅವಳು ಎಣ್ಣೆ ಬಿಸಿ ಮಾಡಿ ತಂದಳು.

ನೀಲವ್ವ ಕೂಲಿಗೆ ಬರುತ್ತಿದ್ದ ಊರವರ ಜೊತೆ ಬಸ್ಸಿನಲ್ಲಿ ಬಂದಳು. ಗಡಿಯಲ್ಲಿ ಪೊಲೀಸರು ಬಸ್ಸು ಹತ್ತಿದಾಗ ಅವಳ ಜೀವವೇ ಹೋಗಿತ್ತಂತೆ. ಆ ಕಾಲದಲ್ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಅಕ್ಕಿ ಸಾಗಿಸುವವರನ್ನು ಹಿಡಿಯುತ್ತಿದ್ದರು. ನಮ್ಮ ಮನೆಯಲ್ಲಿ ರೊಟ್ಟಿಯ ಗಂಟು ಬಿಚ್ಚುತ್ತ ಅವಳು ನಕ್ಕು ನಕ್ಕು ಹೇಳಿದಳು: "ಹೊಟ್ಟ್ಯಾಗ ಏನೈತಿ ಅಂತ ಕೇಳ್ತಾರಂತ ಅಂಜಿದ್ನಿ ಅಕ್ಕಾ. ಚೀಲದಾಗ ಅಕ್ಕಿ ಐತೇನು ಅಂತ ಕೇಳಿ ಬಿಟ್ಟುಕೊಟ್ರು."

ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಬಾಯಿ ಕೇಳಿದ್ದು, ಇದು ನಿನ್ನ ಇಚ್ಛೆಯೇ ಎಂದಷ್ಟೆ. ನಾನು ಕನ್ನಡದಲ್ಲಿ ಕೇಳಿದೆ. "ಹೌದ್ರೀ, ನಂದ," ಎಂದು ನೀಲವ್ವ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಗಂಡನ ಮಾತೇ ಬರಲಿಲ್ಲ. ಎಲ್ಲ ಸುಸೂತ್ರವಾಯಿತು. ಕಳಿಸುವಾಗ ಆಕೆ ಹೇಳಿದರು: ಗುಳಿಗೆ ತಪ್ಪಿಸಬೇಡ. ಸ್ವಲ್ಪ ರಕ್ತ ಹೋದರೆ ಹೆದರಬೇಡ. ಮುಂದಿನ ವಾರ ಬಂದು ತೋರಿಸು. ಎಂಟು ದಿನ ಭಾರ ಎತ್ತಬೇಡ, ಮಲಗಿರು.

ನಾನು ಮೂರು ಹೇಳಿ ನಿಲ್ಲಿಸಿದೆ. ನೀರು ಹೊರಲು ಬಂದವಳು ಮಲಗಿ, ಸೊಂಟ ಹಿಡಿದವಳು ನೀರು ಹೊತ್ತರೆ ಶಾಂತವ್ವ ಏನೆಂದುಕೊಳ್ಳುತ್ತಾಳೆ? ತಂಗಿಯ ಗುಟ್ಟು ಕಾಯಲು ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಮ್ಮ ಮುಂದೆ ಯಾಕೆ ಮುಚ್ಚಲಿ, ಚಾಳಿನಲ್ಲಿ ನನ್ನ ಹೆಸರು ಕೆಡಬಾರದು ಎಂಬುದೇ ಹೆಚ್ಚಿತ್ತು. ಒಬ್ಬ ಕೂಲಿಯವಳಿಗೆ ಎಂಟು ದಿನದ ದುಡ್ಡು ಕೊಟ್ಟಿದ್ದರೂ ನೀರು ಬರುತ್ತಿತ್ತು. ಆಗ ಅದು ಹೊಳೆಯಲೂ ಇಲ್ಲ.

ಮರುದಿನ ಬೆಳಿಗ್ಗೆ ಅವಳು ತಾನಾಗಿಯೇ ಇದೇ ಹಿತ್ತಾಳೆ ಕೊಡ ಎತ್ತಿಕೊಂಡು ನಳಕ್ಕೆ ಹೋದಳು. ನಾನು ಬಾಗಿಲಲ್ಲಿ ಸೊಂಟ ಹಿಡಿದುಕೊಂಡು ನಿಂತಿದ್ದೆ. ಅದರ ಮರುದಿನವೂ ಹಾಗೇ. ಎರಡನೆಯ ಕೊಡ ತರುವಾಗ ಪಡಸಾಲೆಯ ನಡುವೆ ಕುಸಿದು ಕೂತಳು. ಹರಿದ ನೀರು ಕೆಂಪಾಗಿತ್ತು.

ತಿಂಗಳಿನದು ಜೋರಾಗಿದೆ ಎಂದು ಶಾಂತವ್ವನಿಗೆ ಹೇಳಿ, ಟ್ಯಾಕ್ಸಿಯಲ್ಲಿ ಮತ್ತೆ ಆಸ್ಪತ್ರೆಗೆ ಒಯ್ದೆ. ರಕ್ತ ಕೊಟ್ಟು ಉಳಿಸಿದರು. ಭಾರ ಎತ್ತಬೇಡ ಅಂದಿದ್ದೆನಲ್ಲ, ಇವಳಿಗೆ ಹೇಳಲಿಲ್ಲವೇ ಎಂದು ಡಾಕ್ಟರಬಾಯಿ ನನ್ನನ್ನು ಕೇಳಿದರು. ಹೇಳಿದ್ದೆ, ಇವಳು ಕೇಳುವವಳಲ್ಲ ಎಂದೆ. ಹಿಂದಿ ಬಾರದ ನೀಲವ್ವ ಹಾಸಿಗೆಯಿಂದ ನಮ್ಮಿಬ್ಬರ ಮುಖ ನೋಡುತ್ತ, ಡಾಕ್ಟರಬಾಯಿಗೆ ಕೈಮುಗಿದಳು.

ಮುಂಬೈಯ ನೀರು ಒಗ್ಗಲಿಲ್ಲವೆಂದು ಊರಿಗೆ ಹೇಳಿದೆವು. ಗಂಡನಿಗೆ ಕಡೆಯವರೆಗೂ ತಿಳಿಯಲಿಲ್ಲ. ಆದರೆ ಅವಳು ಮೊದಲಿನಂತಾಗಲಿಲ್ಲ. ನಮ್ಮ ಮಕ್ಕಳ ಮಕ್ಕಳಿಗೆ ಹೆಸರಿಡುವಾಗ ಎಲ್ಲರೂ ತೊಟ್ಟಿಲು ತೂಗಿದರೆ, ನೀಲವ್ವ ಬಾಗಿಲ ಬಳಿ ನಿಂತು, ನನ್ನ ಕೈ ಬೇಡ ಎನ್ನುತ್ತಿದ್ದಳು. ಹಿರಿಯಳ ಸಂಕೋಚ ಎಂದುಕೊಂಡರು ಎಲ್ಲರೂ. ನಾನೂ ಹಾಗೇ ಅಂದುಕೊಳ್ಳಲು ನೋಡಿದೆ.

ಮೊನ್ನೆ ಕೊಡದಿಂದ ಹಿಂದೆ ಸರಿದವಳು ಮಂಚದ ಮೇಲೆ ಕೂತು ಮೆಲ್ಲಗೆ ಅಂದಳು: "ನಾ ಮಾಡಿದ ಪಾಪಕ್ಕ ದೇವರು ಅವತ್ತ ಆ ನೀರಾಗ ನನಗ ತೋರಿಸಿದ. ನಾಳೆ ತೊಟ್ಟಿಲಾ ತೂಗಂತ ನನಗ ಹೇಳಬ್ಯಾಡ ಅಕ್ಕಾ."

ನಾನು ಅವಳ ಪಕ್ಕದಲ್ಲಿ ಕೂತು ನಾಲ್ಕನೆಯ ಮಾತನ್ನು ಕನ್ನಡದಲ್ಲಿ ಹೇಳಿದೆ. ಅವಳು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ಕೇಳಿದಳು: "ಮತ್ತ ಎರಡನೇ ಸಲ ಹ್ವಾದಾಗ ಆಕಿ ನಿನಗ ಏನರ ಕೇಳಿದ್ಲಲ್ಲ?"

ಅದನ್ನೂ ಹೇಳಿದೆ. ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. ಆ ತಿರುಗಿಸಿದ ಮುಖಕ್ಕೇ ನಾನು ಹೇಳಿದೆ:

"ನೀಲಾ, ನೀ ಏನೂ ಪಾಪ ಮಾಡಿಲ್ಲ. ಅದು ದೇವರು ಕೊಟ್ಟದ್ದಲ್ಲ, ನಾ ಕೊಟ್ಟದ್ದು. ತಪ್ಪಾತವ್ವಾ. ನನ್ನ ತಪ್ಪಾತು."