ಸುಧಾರಾಣಿಯ ತೊಂಬತ್ತು ನಿಮಿಷ

ಮಲಪನಗುಡಿಯ ಸುಧಾರಾಣಿ ಏನು ಕೆಲಸ ಮಾಡುತ್ತಾಳೆಂದು ಓಣಿಯವರು ಕೇಳಿದರೆ, ಹೇಳುವುದಕ್ಕೆ ಅವಳಿಗೇ ನಾಚಿಕೆ. ಹೊಸಪೇಟೆಯ ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಯಾವುದೋ ದೇಶದ ರಸ್ತೆಯ ಫೋಟೋ ಬರುತ್ತದೆ. ಅದರಲ್ಲಿ ಕಾಣುವ ಕಾರು, ಸೈಕಲ್ಲು, ನಾಯಿ, ಮನುಷ್ಯ, ಒಂದೊಂದರ ಸುತ್ತಲೂ ಮೌಸಿನಿಂದ ಚೌಕ ಹಾಕಬೇಕು. ಡ್ರೈವರಿಲ್ಲದೆ ಓಡುವ ಕಾರುಗಳಿಗೆ ರಸ್ತೆ ಕಲಿಸುವುದಕ್ಕಂತೆ. ಬಿ.ಎ. ಪಾಸಾದ ಹೆಂಗಸು ದಿನಕ್ಕೆ ಎಂಟು ತಾಸು ಕೂತು ನಾಯಿಗೆ ಚೌಕ ಹಾಕುತ್ತಾಳೆಂದರೆ ನಂಬುವವರು ಯಾರು? ನಂಬಲಿ ಬಿಡಲಿ, ಆ ಮನೆಯ ಒಲೆ ಉರಿಯುತ್ತಿದ್ದುದು ಆ ಚೌಕಗಳಿಂದಲೇ. ಗಂಡ ಗಾದಿಲಿಂಗ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದವನು. ಗಣಿ ನಿಂತು ನಾಲ್ಕು ತಿಂಗಳಾಗಿ, ಈಗ ಬೆಳಗ್ಗೆ ಎದ್ದು ಸಿಕ್ಕಿದ ಕೂಲಿಗೆ ಹೋಗುತ್ತಿದ್ದ. ಅತ್ತೆ ಯಮನಮ್ಮ ಮಧ್ಯಾಹ್ನ ಒಂದರವರೆಗೆ ಬಾಳೆತೋಟದ ಕೂಲಿಗೆ ಹೋಗುತ್ತಿದ್ದಳು. ಮನೆಯಲ್ಲಿ ಉಳಿಯುವವರು ಸುಧಾರಾಣಿ ಮತ್ತು ಅವಳ ಐದು ತಿಂಗಳ ಕೂಸು ಸ್ನೇಹಾ.

ಹೆರಿಗೆಯ ನಂತರ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ಬಿಟ್ಟಿದ್ದೇ ದೊಡ್ಡ ಉಪಕಾರವೆಂದು ಎಲ್ಲರೂ ಹೇಳಿದರು. ಉಪಕಾರದ ಜೊತೆಗೆ ಒಂದು ಗಡಿಯಾರವೂ ಬಂತು. ಲ್ಯಾಪ್‌ಟಾಪಿನ ಮೂಲೆಯಲ್ಲಿ ಕಡಲೆಕಾಳಿನಷ್ಟು ಹಸಿರು ಚುಕ್ಕೆ. ಮೌಸ್ ಮೂರು ನಿಮಿಷ ಅಲುಗದಿದ್ದರೆ ಅದು ಹಳದಿಯಾಗುತ್ತದೆ, ಐದಾದರೆ ಕೆಂಪು. ಕೆಂಪಾದ ಹೊತ್ತು ಕೆಲಸಕ್ಕೆ ಲೆಕ್ಕವಿಲ್ಲ. ಬೆಳಗ್ಗೆ ಎಂಟಕ್ಕೆ ತೆರೆಯುವ ಕೆಲಸ ಸಂಜೆ ಐದೂವರೆಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ನಾನೂರ ಎಂಬತ್ತು ನಿಮಿಷ ಹಸಿರಾಗಿರಬೇಕು. ತಿಂಗಳಲ್ಲಿ ನಾಲ್ಕು ದಿನ ತಪ್ಪಿದರೆ ಕೆಲಸ ಇಲ್ಲ.

ಉಳಿಯುವುದು ತೊಂಬತ್ತು ನಿಮಿಷ. ಕೂಸು ಆ ಹೊತ್ತಿನಲ್ಲಿ ಐದು ಸಲ ಹಾಲು ಕುಡಿಯುತ್ತಿತ್ತು, ಸಲಕ್ಕೆ ಇಪ್ಪತ್ತು ನಿಮಿಷ. ಅದಕ್ಕೇ ನೂರಾಯಿತು. ಸುಧಾರಾಣಿ ಉಣ್ಣುವುದು ಯಾವಾಗ, ಬಚ್ಚಲಿಗೆ ಹೋಗುವುದು ಯಾವಾಗ, ಕೂಸಿನ ಬಟ್ಟೆ ಬದಲಿಸುವುದು ಯಾವಾಗ? ಈ ಗಡಿಯಾರ ಮಾಡಿದ ಮಹಾನುಭಾವ ತಾಯಿಯ ಹಾಲು ಕುಡಿದು ಬೆಳೆದವನೋ ಅಲ್ಲವೋ, ಯಾರಿಗೆ ಗೊತ್ತು. ಅವಳು ಮೊದಲು ತನ್ನ ಊಟ ಬಿಟ್ಟಳು. ನೀರು ಕುಡಿದರೆ ಏಳಬೇಕಾಗುತ್ತದೆಂದು ನೀರನ್ನೂ ಬಿಟ್ಟಳು. ಅದೂ ಸಾಲದೆ ಬಂದಾಗ ಕೂಸಿನ ಐದು ಸಲವನ್ನು ಮೂರಕ್ಕೆ ಇಳಿಸಿದಳು. ಅತ್ತರೆ ಕಾಲಿನಿಂದ ತೊಟ್ಟಿಲು ನೂಕುತ್ತ ಚೌಕ ಹಾಕಿದಳು.

ತಿಂಗಳ ಕೊನೆಗೆ ಅಂಗನವಾಡಿಯ ಊರಮ್ಮ ಕೂಸನ್ನು ತೂಗಿ, ಕಾರ್ಡಿನಲ್ಲಿ ಚುಕ್ಕೆ ಇಟ್ಟು, ತಿರುಗಿಸಿ ತೋರಿಸಿದಳು. ಹುಟ್ಟಿದಾಗಿನಿಂದ ಹಸಿರು ಪಟ್ಟಿಯಲ್ಲೇ ಏರುತ್ತಿದ್ದ ಗೆರೆ ಹಳದಿಗೆ ಜಾರಿತ್ತು.

"ಕುಡಿಸ್ದಂಗೆಲ್ಲ ಹಾಲು ಬರ್ತೈತಿ ತಂಗಿ, ಬಿಟ್ರ ಬತ್ತಿ ಹೋಗ್ತೈತಿ," ಎಂದಳು ಊರಮ್ಮ. "ಒಂದ್ ಸಲ ಬತ್ತಿತಂದ್ರ ಹೊಳ್ಳಿ ತರೋದು ಭಾಳ ಕಷ್ಟ."

ಮರುದಿನ ಸುಧಾರಾಣಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಮೌಸ್ ಹಿಡಿದು ಕುಡಿಸಲು ನೋಡಿದಳು. ಕೂಸು ಎರಡು ಗುಟುಕು ಎಳೆದು, ಲ್ಯಾಪ್‌ಟಾಪಿನ ಬೆಳಕಿನ ಕಡೆ ಕತ್ತು ತಿರುಗಿಸಿ ಬಾಯಿ ಬಿಟ್ಟು ನೋಡುತ್ತ ಕೂತಿತು. ಎಷ್ಟು ಸಲ ಹಚ್ಚಿದರೂ ಅಷ್ಟೇ. ನಡುಮನೆಯ ಕತ್ತಲೆಯಲ್ಲಿ ಮಗ್ಗುಲಿಗೆ ಮಲಗಿಸಿಕೊಂಡರೆ ಮಾತ್ರ ಅದು ಹೊಟ್ಟೆ ತುಂಬ ಕುಡಿಯುತ್ತಿತ್ತು.

ಆಗ ಅವಳ ಕಣ್ಣು ಪಡಸಾಲೆಯಲ್ಲಿ ಜಂತಿಗೆ ಕಟ್ಟಿದ ತೊಟ್ಟಿಲಿನ ಮೇಲೆ ಬಿತ್ತು. ತೊಟ್ಟಿಲ ಕೆಳಗೆ ಒಂದು ಹಲಗೆಯಿಟ್ಟು, ಅದರ ಮೇಲೆ ಮೌಸ್ ಇರಿಸಿ, ಗಿಡ್ಡ ದಾರದಿಂದ ತೊಟ್ಟಿಲಿನ ಅಡಿಗೆ ಬಿಗಿದಳು. ತೊಟ್ಟಿಲಿನ ಹಗ್ಗವನ್ನು ನಡುಮನೆಯವರೆಗೆ ಎಳೆದುಕೊಂಡಳು. ಒಳಗೆ ಮಲಗಿ ಕೂಸಿಗೆ ಕುಡಿಸುತ್ತ ಹಗ್ಗ ಜಗ್ಗಿದರೆ, ಹೊರಗೆ ತೊಟ್ಟಿಲು ತೂಗಿ, ಮೌಸ್ ಹಲಗೆಯ ಮೇಲೆ ಸರಿದಾಡುತ್ತಿತ್ತು. ಚುಕ್ಕೆ ಹಸಿರು. ಆ ದಿನ ಅವಳು ತಿಂಗಳಾದ ಮೇಲೆ ಮೊದಲ ಸಲ ಎರಡು ರೊಟ್ಟಿ ಪೂರ್ತಿ ತಿಂದಳು. ತಪ್ಪು ಮಾಡುತ್ತಿದ್ದೇನೆಂದು ಗೊತ್ತಿತ್ತು. ಕೂಸು ಕುಡಿದು ತೇಗಿದಾಗ ಆ ತಪ್ಪು ಮರೆತೇ ಹೋಗುತ್ತಿತ್ತು.

ಎಂಟನೆಯ ದಿನ ಯಮನಮ್ಮ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಹೊತ್ತಿಗೆ ಮುಂಚೆ ಮನೆಗೆ ಬಂದಳು. ಪಡಸಾಲೆಯಲ್ಲಿ ಯಾರೂ ಇಲ್ಲ. ಖಾಲಿ ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿದೆ. ಮುದುಕಿ ಕಿರುಚಿದ್ದಕ್ಕೆ ಪಕ್ಕದ ಮನೆಯ ಕೋಳಿಗಳು ಚೆದುರಿದವು.

"ಖಾಲಿ ತೊಟ್ಲ ತೂಗ್ತಾರೇನಲೇ! ಕೂಸಿಗೆ ಕೇಡಾಗ್ತೈತಿ! ಓದಿದಾಕಿ ನೀನು, ಇಷ್ಟೂ ತಿಳಿಯಂಗಿಲ್ಲೇನ?"

"ಅತ್ತೀ, ತೂಗ್ಲಿಲ್ಲಂದ್ರ ಕೂಸು ಉಪಾಸ ಬೀಳ್ತೈತ್ರಿ," ಎಂದು ಸುಧಾರಾಣಿ ಅಳುತ್ತ ಎಲ್ಲವನ್ನೂ ಹೇಳಿದಳು. ಚುಕ್ಕೆಯ ವಿಷಯ ಯಮನಮ್ಮನಿಗೆ ಅರ್ಧ ತಿಳಿಯಿತು, ಹಾಲಿನ ವಿಷಯ ಪೂರ್ತಿ ತಿಳಿಯಿತು. ಅವಳು ಎದ್ದು ಹೋಗಿ, ಒರಳಿನ ಗುಂಡುಕಲ್ಲನ್ನು ಎತ್ತಿ ತಂದಳು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕಿದ್ದು ಇದೇ ಕಲ್ಲನ್ನು. ಅದಕ್ಕೆ ಕುಂಕುಮವಿಟ್ಟು, ಸ್ನೇಹಾಳ ಕುಲಾವಿ ತೊಡಿಸಿ, ತೊಟ್ಟಿಲಲ್ಲಿ ಮಲಗಿಸಿದಳು.

"ಈಗ ಖಾಲಿ ಅಲ್ಲ. ತೂಗು."

ಸುಧಾರಾಣಿ ಅಳುವುದನ್ನು ಬಿಟ್ಟು ನಕ್ಕಳು. ಅತ್ತೆಯ ಮೇಲೆ ಅವಳಿಗೆ ಅಷ್ಟು ಪ್ರೀತಿ ಹಿಂದೆಂದೂ ಹುಟ್ಟಿರಲಿಲ್ಲ.

ಕೆಟ್ಟದ್ದಾದದ್ದು ಆ ಪ್ರೀತಿಯಿಂದಲೇ. ಎರಡು ದಿನ ಬಿಟ್ಟು ಯಮನಮ್ಮ ಒಂದು ಗಂಟೆಗೆ ತೋಟದಿಂದ ಬಂದಾಗ, ಸೊಸೆ ಕುಡಿಸುತ್ತಲೇ ನಿದ್ದೆ ಹೋಗಿದ್ದಳು. ಕೈಯಲ್ಲಿ ಹಗ್ಗ ಸಡಿಲಾಗಿತ್ತು. ಹೆರಿಗೆಯಾದಾಗಿನಿಂದ ನಿದ್ದೆ ಕಾಣದ ಮುಖ. ಮುದುಕಿ ಎಬ್ಬಿಸಲಿಲ್ಲ. ತಾನೇ ಪಡಸಾಲೆಯಲ್ಲಿ ಕೂತು, ಜೋಗುಳವನ್ನೂ ಗುನುಗುತ್ತ, ಕಲ್ಲಿನ ತೊಟ್ಟಿಲನ್ನು ಮುಕ್ಕಾಲು ತಾಸು ಒಂದೇ ಸಮನೆ ತೂಗಿದಳು. ಚುಕ್ಕೆ ಹಸಿರಾಗಿಯೇ ಇತ್ತು, ಪಾಪ, ಅವಳು ಅದನ್ನೇ ನೋಡುತ್ತಿದ್ದಳು.

ಎರಡು ಗಂಟೆಗೆ ಫೋನ್ ಬಂತು. ಟೀಮ್ ಲೀಡರ್ ಲಿಂಗರಾಜ್, ಕಂಪ್ಲಿಯ ಹುಡುಗ, ಕೆಟ್ಟವನಲ್ಲ.

"ಸುಧಕ್ಕಾ, ನಲವತ್ತೈದು ನಿಮಿಷ ನಿಮ್ಮ ಮೌಸ್ ಆಕಡಿ ಈಕಡಿ ಒಂದೇ ಅಳತಿಗೆ ಓಡಾಡೈತಿ. ಒಂದ್ ಚೌಕ ಬಿದ್ದಿಲ್ಲ. ಬೆಂಗಳೂರಿಂದ ಮೇಲಿನೋರು ಕೇಳಾಕತ್ತ್ಯಾರ. ಏನ್ ಮಾಡಾಕತ್ತಿದ್ರಿ?"

ಸ್ಪೀಕರಿನಲ್ಲಿ ಕೇಳಿಸಿಕೊಂಡ ಯಮನಮ್ಮ ಮುಂದೆ ಬಗ್ಗಿ, "ಆಕಿದೇನೂ ತಪ್ಪಿಲ್ಲಪ್ಪಾ. ಕಲ್ಲು ತೂಗಿದಾಕಿ ನಾನು," ಎಂದುಬಿಟ್ಟಳು.

"ಯಾವ ಕಲ್ಲಮ್ಮಾ?"

ಎಲ್ಲವನ್ನೂ ಕೇಳಿದ ಲಿಂಗರಾಜ್ ತಗ್ಗಿದ ದನಿಯಲ್ಲಿ, "ಕುಡಿಸ್ಬ್ಯಾಡ್ರಿ ಅಂತ ನಾವ್ಯಾರೂ ಅನ್ನಂಗಿಲ್ಲಕ್ಕ. ಆದ್ರ ಆ ಟೈಮ್ ಕಟ್. ನಾಳಿಂದ ನಿಮ್ದು ಕ್ಯಾಮೆರಾ ಆನ್ ಇರ್ಬೇಕಂತ ಬರದಾರ. ಆಗಂಗಿಲ್ಲಂದ್ರ ಲ್ಯಾಪ್‌ಟಾಪ್ ತಂದು ಕೊಡ್ರಿ. ನನ್ ಕೈಯಾಗ ಏನೂ ಇಲ್ಲ," ಎಂದ.

ಗಾದಿಲಿಂಗ ಸಂಜೆ ಬಂದು ಕೇಳಿ, ಗೋಡೆಗೆ ಒರಗಿ ಕೂತ. ಬಿಟ್ಟುಬಿಡು ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಮಾಡು ಎನ್ನಲೂ ಬರಲಿಲ್ಲ. ಮರುದಿನ ಬೆಳಗ್ಗೆ ಸುಧಾರಾಣಿ ಕ್ಯಾಮೆರಾ ಆನ್ ಮಾಡಿ ಕೂತಳು.

ಯಮನಮ್ಮ ತೋಟದ ಕೂಲಿ ಬಿಟ್ಟಳು. ಬೆಳಗ್ಗೆ ಎಂಟಕ್ಕೆ ಕೂಸನ್ನೂ ಪುಡಿ ಹಾಲಿನ ಬಾಟಲಿಯನ್ನೂ ಎತ್ತಿಕೊಂಡು ಮೂರು ಓಣಿ ಆಚೆ ತನ್ನ ಗೆಳತಿ ಯಲ್ಲಕ್ಕನ ಮನೆಗೆ ಹೋಗುವಳು. ಅತ್ತರೆ ಸೊಸೆಗೆ ಕೇಳಿಸಬಾರದೆಂದು ಅಷ್ಟು ದೂರ. ಕೇಳಿಸದಿದ್ದರೇನು, ಹೊತ್ತಿಗೆ ಸರಿಯಾಗಿ ಸುಧಾರಾಣಿಯ ಎದೆ ಬಿಗಿದು ಕುಪ್ಪಸ ಒದ್ದೆಯಾಗುತ್ತಿತ್ತು. ಕ್ಯಾಮೆರಾಕ್ಕೆ ಕಾಣದಂತೆ ಸೆರಗು ಎಳೆದುಕೊಂಡು, ಹಲ್ಲು ಕಚ್ಚಿ, ಅವಳು ಯಾರದೋ ಊರಿನ ನಾಯಿಗೆ ಚೌಕ ಹಾಕುತ್ತಿದ್ದಳು. ಮಧ್ಯಾಹ್ನ ಒಮ್ಮೆ ಓಡಿಹೋಗಿ ಕುಡಿಸಿ ಬರುತ್ತಿದ್ದಳು; ಹೋಗಿಬರುವುದು, ಊಟ, ಬಚ್ಚಲು ಸೇರಿ ಎರಡನೆಯ ಸಲಕ್ಕೆ ನಿಮಿಷ ಉಳಿಯುತ್ತಿರಲಿಲ್ಲ. ಹತ್ತು ದಿನವಾದ ಮೇಲೆ ಕುಪ್ಪಸ ಒದ್ದೆಯಾಗುವುದು ಕಡಿಮೆಯಾಯಿತು. ಅದು ಅವಳಿಗೆ ಒದ್ದೆಯಾಗುವುದಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು.

ಹದಿನಾರನೆಯ ದಿನ ನಾನೂರ ಎಂಬತ್ತಕ್ಕೆ ಏಳು ನಿಮಿಷ ಹೆಚ್ಚೇ ಹಸಿರು ಬಂತು. "ಮಸ್ತ್ ಸುಧಕ್ಕ, ಇವತ್ತು ಟೀಮಿನಾಗ ನೀವೇ ಫಸ್ಟ್," ಎಂದು ಲಿಂಗರಾಜ್ ಮೆಸೇಜ್ ಕಳಿಸಿದ. ಅವಳು ಅದನ್ನು ಓದಿ, ಲ್ಯಾಪ್‌ಟಾಪ್ ಮುಚ್ಚಿ, ಚಪ್ಪಲಿ ಮೆಟ್ಟದೆ ಯಲ್ಲಕ್ಕನ ಮನೆಗೆ ಓಡಿದಳು. ಕೂಸು ಹಸಿದು ರಂಪ ಮಾಡುತ್ತಿತ್ತು. ಒಳಗಿನ ಕತ್ತಲೆ ಕೋಣೆಯಲ್ಲಿ ಮಲಗಿ ಎದೆಗೆ ಹಚ್ಚಿಕೊಂಡಳು. ಕೂಸು ಎಳೆಯಿತು, ಮತ್ತೆ ಎಳೆಯಿತು, ಏನೂ ಸಿಗದೆ ಸಿಟ್ಟಿನಿಂದ ಮುಖ ತಿರುಗಿಸಿತು. ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಬದಲಿಸಿದರೂ ಅದೇ. ಬಾಗಿಲಲ್ಲಿ ನಿಂತಿದ್ದ ಅಜ್ಜಿಯನ್ನು ಕಂಡು, ಅವಳ ಕೈಯಲ್ಲಿದ್ದ ಬಾಟಲಿಯ ಕಡೆ ಎರಡೂ ಕೈ ಚಾಚಿ ಅಳತೊಡಗಿತು.

ಯಮನಮ್ಮ ಬಾಟಲಿಯನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡು ಹಾಗೇ ನಿಂತಳು.

ಸುಧಾರಾಣಿ ಎದ್ದು ಕೂತು ಕುಪ್ಪಸದ ಗುಂಡಿ ಹಾಕಿಕೊಂಡಳು.

"ಕೊಡ್ರಿ ಅತ್ತಿ," ಎಂದಳು. "ಹಸಿದೈತಿ."